ಜೊತೆಗೆ ಯಾರು ಬಂದಿದ್ದಾರೆ?

ಎಚ್‌ಐವಿ ಇದ್ದವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇಗ ಬರಬಹುದು, ಆಗಾಗ ತೋರಿಸಿಕೊಳ್ಳಬೇಕು ಎಂದು ನನಗೆ ಮಾತ್ರೆ ಕೊಡುವ ಗಂಗಾವತಿಯ ಸಿಸ್ಟರ್ ಹೇಳುತ್ತಲೇ ಇದ್ದರು. ನಾನು ಹೂಂ ಎನ್ನುತ್ತ ಕಾಲ ತಳ್ಳಿದೆ. ಇದ್ದ ಒಂದು ರೋಗವನ್ನು ಮುಚ್ಚಿಡುವುದರಲ್ಲೇ ಸಾಕಾಗಿತ್ತು. ಇನ್ನೊಂದನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ? ಕೊನೆಗೆ ಆಕೆಯೇ ಕೈಹಿಡಿದು ಒಳಗೆ ಕರೆದೊಯ್ದರು. ಹುಳಿ ವಾಸನೆಯ ನೀರು ಹಚ್ಚಿದಾಗ ಬಿಳಿ ಕಲೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

"ಇದಿನ್ನೂ ಕ್ಯಾನ್ಸರ್ ಅಲ್ಲವ್ವ. ಆದ್ರ ಹಂಗ ಬಿಟ್ರ ಆಗ್ತೈತಿ," ಎಂದರು ಫಲಿತಾಂಶ ಬಂದ ದಿನ. "ಕೊಪ್ಪಳದಾಗ ಅಷ್ಟ ಜಾಗ ತಗದು ಅವತ್ತ ಮನಿಗೆ ಕಳಸ್ತಾರ. ಜೊತಿಗೆ ಯಾರನ್ನರ ಕರ್ಕೊಂಡ ಹೋಗ್ರಿ."

ಯಾರನ್ನು? ಗಂಡ ಎಚ್‌ಐವಿಯಿಂದಲೇ ಸತ್ತಿದ್ದು. ಕಾಮಾಲೆ ಎಂದೇ ಊರು ನಂಬಿದೆ. ಯಲಬುರ್ಗಾದಲ್ಲಿ ಅಣ್ಣನ ಮನೆಯಲ್ಲಿದ್ದು ಕುಪ್ಪಸ ಹೊಲಿಯುತ್ತೇನೆ. ಗುರುತಿನವರು ಕಾಣದಿರಲೆಂದೇ ಮಾತ್ರೆಗೆ ಗಂಗಾವತಿಯವರೆಗೆ ಹೋಗುವುದು. ಅಣ್ಣನ ಹೆಂಡತಿ ವೈನಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಗೊತ್ತಾದರೆ ನಾನು ಉಣ್ಣುವ ತಾಟು ಬೇರೆಯಾಗುತ್ತದೆ, ನಾನು ಹೊಲಿದದ್ದನ್ನು ಯಾರೂ ತೊಡುವುದಿಲ್ಲ. ಹೋಗದಿದ್ದರೆ ಜೀವಕ್ಕೇ ಕುತ್ತು. ಲೈನಿಂಗ್ ಬಟ್ಟೆ ತರುತ್ತೇನೆಂದು ಹೇಳಿ ಒಬ್ಬಳೇ ಕೊಪ್ಪಳದ ಬಸ್ಸು ಹತ್ತಿದೆ.

ಅಲ್ಲಿನ ಸಿಸ್ಟರ್ ಮೊದಲು ಕೇಳಿದ್ದೇ ಅದು. "ಜೊತಿಗೆ ಯಾರ ಬಂದಾರ?"

"ನಮ್ಮವ್ವ, ಹೊರಗ ಕುಂತಾಳ್ರಿ," ಎಂದುಬಿಟ್ಟೆ. ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು.

ಸಿಸ್ಟರ್ ಅಷ್ಟಕ್ಕೇ ಬಿಡಬೇಕಲ್ಲ! ಬಾಗಿಲಿಗೆ ಹೋಗಿ ನನ್ನತ್ತ ಕೈ ತೋರಿಸಿ ಕೂಗಿದರು: "ಈಕಿ ತಾಯಿ ಯಾರ್ರಿ? ಒಳಗ ಬರ್ರಿ."

ಯಾರೂ ಏಳಲಿಲ್ಲ. ಇನ್ನು ನನ್ನನ್ನು ವಾಪಸು ಕಳಿಸುತ್ತಾರೆ ಎಂದುಕೊಂಡು ಚಪ್ಪಲಿ ಹುಡುಕತೊಡಗಿದೆ.

"ನಾನ ಅದೀನ್ರಿ."

ಬೆಳಗಿನಿಂದ ನನ್ನ ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಹೆಂಗಸು. ಸೊಸೆಯ ಹೆರಿಗೆಗೆ ಬಂದಿದ್ದಳು. ಹಣೆಗೆ ವಿಭೂತಿ ಹಚ್ಚಿದ ನಾನು, ಬುರ್ಖಾ ತೊಟ್ಟ ನನ್ನ ತಾಯಿ. ಸಿಸ್ಟರ್ ಇಬ್ಬರನ್ನೂ ಒಮ್ಮೆ ನೋಡಿ, ನನ್ನನ್ನು ಒಳಗೆ ಕರೆದೊಯ್ದರು.

ಮರಗಟ್ಟಿಸುವ ಸೂಜಿ ಚುಚ್ಚಿದ್ದರಿಂದ ನೋವು ಅಷ್ಟಾಗಲಿಲ್ಲ. ಆದರೂ ಹೊರಗೆ ಬಂದು ಆಕೆಯ ಪಕ್ಕ ಕೂತಾಗ ಅಳು ತಡೆಯಲಾಗಲಿಲ್ಲ. ಆಕೆ ನನ್ನ ಕೈ ಹಿಡಿದುಕೊಂಡಳು. ಯಾರಾದರೂ ಹಾಗೆ ಹಿಡಿದು ಬಹಳ ಕಾಲವಾಗಿತ್ತು. ಆಕೆ ಚಹಾ ತರಿಸಿ ಕುಡಿಸಿದಳು. ಯಾವ ರೋಗ ಎಂದು ಕೇಳಲೇ ಇಲ್ಲ.

"ಯಾವೂರವ್ವ ನಿಂದು?"

"ಮಂಗಳೂರ್ರಿ."

ನಮ್ಮಂಥವರು ಆಸ್ಪತ್ರೆಯಲ್ಲಿ ಸ್ವಂತ ಊರು ಹೇಳುವುದಿಲ್ಲ. ಯೋಚಿಸುವ ಮೊದಲೇ ಬಾಯಿಗೆ ಬೇರೆ ಊರು ಬಂದಿರುತ್ತದೆ. ಈ ಮಂಗಳೂರು ಕಡಲ ತೀರದ್ದಲ್ಲ, ನಮ್ಮ ಯಲಬುರ್ಗಾ ಕಡೆಯ ಒಂದು ಹಳ್ಳಿ.

"ಅರೇ, ನನ್ನ ತಂಗಿನ್ನ ಅಲ್ಲೇ ಕೊಟ್ಟೈತಿ! ಸೊಸಿ ಬಾಣಂತನ ಮುಗೀಲಿ, ನಿನ್ನ ನೋಡಾಕ ಬರ್ತೀನಿ. ಮನಿ ಎಲ್ಲಿ?"

ನಿಜ ಹೇಳಬಹುದಿತ್ತು. ಹೇಳಬೇಕೆಂದೂ ಅನಿಸಿತು.

"ಸಾಲಿ ಹಿಂದ್ರಿ," ಎಂದೆ.

ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಕರೆ ಬಂತು. ಆಕೆ ನನ್ನ ತಲೆ ಸವರಿ ಓಡಿದಳು. ಆಕೆಯದು ಯಾವ ಊರು ಎಂದು ನಾನು ಕೇಳಿರಲಿಲ್ಲ.

ಗಾಯ ಮಾಯಿದೆ. ಮತ್ತೆ ಪರೀಕ್ಷೆ ಮಾಡಿದಾಗ ಕಲೆ ಕಾಣಲಿಲ್ಲ. ಆದರೂ ತೋರಿಸುತ್ತಿರಬೇಕು ಎಂದಿದ್ದಾರೆ. ಬದುಕಿದೆ ಎಂದು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ.

ಬರುತ್ತೇನೆಂದು ಹೇಳಿ ಬಾರದಿರುವ ಹೆಂಗಸಲ್ಲ ಆಕೆ. ಬಾಣಂತನ ಎಂದೋ ಮುಗಿದಿರಬೇಕು. ಮಂಗಳೂರಿನ ಶಾಲೆಯ ಹಿಂದೆ ಮನೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿರುತ್ತಾಳೆ. ಅಂಥವಳು ಇಲ್ಲಿ ಯಾರೂ ಇಲ್ಲ ಎಂದು ಅವರು ಹೇಳಿರುತ್ತಾರೆ.