ಹಳೆ ಬೂಟಿನ ಹಿಮ್ಮಡಿ, ಡಬಲ್ ಬಾಸಿನ ಮೆಲುದನಿ

ಬೆಳಗ್ಗೆ ಐದೂಮುಕ್ಕಾಲು. ಮೊದಲ ಬಸ್ಸು ಇನ್ನೂ ಬಂದಿಲ್ಲ. ಬೂಟು ರಿಪೇರಿ ಅಂಗಡಿಯ ಷಟರ್ ಅರ್ಧಕ್ಕೆ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ರಿಪೇರಿಗೆ ಬಂದ ಬೂಟುಗಳ ಸಾಲಲ್ಲ, ಅವುಗಳ ನಡುವೆ ಬೀರುವಿನ ಹಾಗೆ ನಿಂತಿರುವ ಡಬಲ್ ಬಾಸ್. ಪಿಟೀಲಿನ ಅಜ್ಜನಂತಿರುವ, ಆಳೆತ್ತರ ಮೀರಿದ ಈ ವಾದ್ಯವನ್ನು ತಬ್ಬಿಕೊಂಡು ನಿಂತವರು ಮಹಡಿ ಮನೆಯ ವಾದಕ. ಮೋಟು ಸ್ಟೂಲಿನ ಮೇಲೆ ಕೂತು, ವಾದ್ಯದ ಬೆನ್ನಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿರುವವರು ಅಂಗಡಿಯ ಒಡತಿ. ಬೀದಿಗೆಲ್ಲ ಅವರು ರಬ್ಬರ್ ಅಕ್ಕ.

"ದಪ್ಪ ತಂತಿ ಎಳಿ ಉದ್ದಪ್ಪ," ಎನ್ನುತ್ತಾರೆ. ಆರಡಿ ಮೂರಂಗುಲದ ವಾದಕರಿಗೆ ಅಕ್ಕ ಇಟ್ಟ ಹೆಸರದು. ಕಮಾನು ಸರಿಯುತ್ತದೆ. ಕಪಾಟಿನ ಮೇಲಿನ ಮೊಳೆ ಡಬ್ಬಿಗಳು ಸಣ್ಣಗೆ ನಡುಗುತ್ತವೆ.

"ನೆಗಡಿ ಆದವರ ಥರ ಮೂಗಲ್ಲಿ ಮಾತಾಡ್ತಿದೆ. ತೆಗಿ ಅದನ್ನ."

ವಾದಕರು ಸೊಂಟ ಬಗ್ಗಿಸಿ, ತಂತಿಗಳನ್ನು ಹೊತ್ತು ನಿಂತ ಮರದ ಕುದುರೆಯ ತಲೆಯಿಂದ ಕರಿ ರಬ್ಬರಿನ ತುಂಡೊಂದನ್ನು ಕಿತ್ತು ಕೊಡುತ್ತಾರೆ. ಅಕ್ಕ ಚರ್ಮ ಕೊಯ್ಯುವ ರಂಪಿಗೆಯಿಂದಲೇ ಅದರ ಅಂಚಿನಿಂದ ಉಗುರಿನಷ್ಟು ಚೂರು ತೆಗೆಯುತ್ತಾರೆ. ತುಂಡು ಮತ್ತೆ ಕುದುರೆಯ ತಲೆಗೇರುತ್ತದೆ, ಮತ್ತೆ ಕಮಾನು ಸರಿಯುತ್ತದೆ. ಈ ಸಲ ಬಂದದ್ದು ಬೇರೆಯೇ ದನಿ. ಹರಿತವೆಲ್ಲ ಹೋಗಿ, ಕಂಬಳಿ ಹೊದ್ದಂತೆ ಬೆಚ್ಚಗಿದೆ.

ಆ ತುಂಡಿಗೆ ಮ್ಯೂಟ್ ಎನ್ನುತ್ತಾರೆ. ಕುದುರೆಯ ಮೇಲೆ ಅದರ ಭಾರ ಬಿದ್ದರೆ ದನಿಯ ಚೂಪು ಕಡಿಮೆಯಾಗುತ್ತದೆ. ಭಾರ ಹೆಚ್ಚಾದರೆ ದನಿ ಸತ್ತೇ ಹೋಗುತ್ತದೆ, ಕಡಿಮೆಯಾದರೆ ಹಾಕಿಯೂ ಹಾಕದಂತೆ. "ಎಲ್ರೂ ಬಾಯಿ ಮುಚ್ಚಿಸೋ ಸಾಮಾನು ಅಂದ್ಕೋತಾರೆ," ಎನ್ನುತ್ತಾರೆ ಅಕ್ಕ. "ಅಲ್ಲ. ಮಗು ಮಲಗಿರೋ ಮನೇಲಿ ಹೇಗೆ ಮಾತಾಡ್ತೀವಿ? ಹಾಗೆ ಮಾತಾಡ್ಸೋದು."

ಹನ್ನೊಂದು ವರ್ಷದ ಹಿಂದೆ ಈ ಕೆಲಸ ಶುರುವಾದದ್ದು ಮಾತ್ರ ಬಾಯಿ ಮುಚ್ಚಿಸಲೆಂದೇ. ಅಕ್ಕನ ಗಂಡ ರಾತ್ರಿ ಪಾಳಿಯ ಬಸ್ ಚಾಲಕ. ಮನೆಗೆ ಬಂದು ದಿಂಬಿಗೆ ತಲೆ ಕೊಡುವುದಕ್ಕೂ ಮಹಡಿಯಲ್ಲಿ ಹೊಸದಾಗಿ ಬಂದ ಬಾಡಿಗೆದಾರರು ಅಭ್ಯಾಸ ಶುರು ಮಾಡುವುದಕ್ಕೂ ಸರಿಹೋಗುತ್ತಿತ್ತು. ನಾಲ್ಕು ದಿನ ತಡೆದುಕೊಂಡ ಅಕ್ಕ ಐದನೆಯ ದಿನ ಹಳೆ ಬೂಟಿನಿಂದ ಕಿತ್ತಿಟ್ಟ ರಬ್ಬರ್ ಹಿಮ್ಮಡಿಯೊಂದನ್ನೂ ರಂಪಿಗೆಯನ್ನೂ ಹಿಡಿದು ಮಹಡಿ ಹತ್ತಿದರು.

"ನಂಗೆ ಹೊಡೆಯೋಕೇ ಬಂದ್ರು ಅಂದ್ಕೊಂಡೆ," ಎಂದು ಉದ್ದಪ್ಪ ನಗುತ್ತಾರೆ. "ಅಕ್ಕ ಬಂದವರೇ ಹಿಮ್ಮಡಿಗೊಂದು ಸೀಳು ಹಾಕಿ ಕುದುರೆ ಮೇಲೆ ಒತ್ತಿಬಿಟ್ರು. ನುಡಿಸಿ ನೋಡಿದ್ರೆ, ನಾನು ಅಂಗಡಿಯಿಂದ ತಂದ ಮ್ಯೂಟಿಗಿಂತ ಚೆನ್ನಾಗಿದೆ!"

ಗಂಡನದು ಬೇರೆ ದೂರು. "ನನ್ನ ನಿದ್ದೆಗೋಸ್ಕರ ಶುರು ಮಾಡಿದ್ಲು. ಈಗ ನನ್ನನ್ನೇ ಎಬ್ಬಿಸಿ, 'ರೀ, ಇದು ಕೇಳಿ, ಅದು ಕೇಳಿ, ಯಾವುದು ಚೆನ್ನಾಗಿದೆ' ಅಂತಾಳೆ. ಎರಡನೇದು ಅಂದ್ಬಿಟ್ಟು ಮಗ್ಗಲು ಬದಲಾಯಿಸ್ತೀನಿ."

ಅಂಗಡಿ ಮಾವನ ಕಾಲದ್ದು. ಮಾವ ಹಾಸಿಗೆ ಹಿಡಿದಾಗ ಸೊಸೆ ಸುತ್ತಿಗೆ ಹಿಡಿದರು. ಈಗದಕ್ಕೆ ಮೂವತ್ತೊಂದು ವರ್ಷ. ಮೊದಮೊದಲು ಗಿರಾಕಿಗಳು ಬಾಗಿಲಲ್ಲೇ ನಿಂತು, "ರಿಪೇರಿಯವರು ಎಲ್ಲಮ್ಮ?" ಎನ್ನುತ್ತಿದ್ದರು. "ಊಟಕ್ಕೆ ಹೋಗಿದಾರೆ, ಇಟ್ಟು ಹೋಗಿ ಅಂತಿದ್ದೆ. ಎರಡು ವರ್ಷ ಆ ಮನುಷ್ಯ ಊಟಾನೇ ಮುಗಿಸಲಿಲ್ಲ ನೋಡಿ," ಎಂದು ಅಕ್ಕ ಹೊಟ್ಟೆ ಹಿಡಿದು ನಗುತ್ತಾರೆ. ಮಂಡಿ ಸವೆದಿದೆ, ಎಡ ಹೆಬ್ಬೆರಳಲ್ಲಿ ರಂಪಿಗೆಯ ಮೂರು ಗಾಯದ ಗುರುತುಗಳಿವೆ. ದಿನಕ್ಕೆ ಹದಿನಾಲ್ಕು ಜೊತೆ ಬೂಟು ಕೈದಾಟುತ್ತವೆ. ಮ್ಯೂಟಿನ ಕೆಲಸ ಬಸ್ಸು ಶುರುವಾಗುವ ಮುಂಚೆ ಮಾತ್ರ; ಆಮೇಲೆ ಬೀದಿಯ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ. ಒಂದಕ್ಕೆ ಮೂರು ಬೆಳಗು ಬೇಕು. ಎರಡು ಕೆಟ್ಟರೆ ಒಂದು ಸರಿಯಾಗುತ್ತದೆ. ಹಾಗೆ ಸರಿಯಾದವು ಇದುವರೆಗೆ ಅರವತ್ತಮೂರು.

ಹೊಸ ರಬ್ಬರನ್ನು ಅಕ್ಕ ಮುಟ್ಟುವುದಿಲ್ಲ. "ಅದಕ್ಕೆ ಇನ್ನೂ ಜಂಬ, ಪುಟಿಯುತ್ತೆ. ಪೋಸ್ಟ್‌ಮ್ಯಾನ್ ಬೂಟು ನೋಡಿ, ನಾಲ್ಕು ವರ್ಷ ಮೆಟ್ಟಿಲು ಹತ್ತಿ ಇಳಿದು ಅದರ ಸೊಕ್ಕೆಲ್ಲ ಇಳಿದಿರುತ್ತೆ. ಅಂಥದ್ದು ಬೇಕು."

ಇಷ್ಟು ಬಲ್ಲ ಅಕ್ಕ ಒಮ್ಮೆ ದೊಡ್ಡದಾಗಿ ಎಡವಿದ್ದಾರೆ. ಎರಡು ವರ್ಷದ ಹಿಂದೆ ಉದ್ದಪ್ಪನ ವಾದ್ಯವೃಂದದ ನಾಲ್ಕೂ ಬಾಸುಗಳಿಗೆ ಹೊಸ ಮ್ಯೂಟುಗಳು ಸಿದ್ಧವಾದವು. ಸಭಾಂಗಣಕ್ಕೆ ಹೋಗುವ ಸಾಮಾನು ಮಂಕಾಗಿರಬಾರದೆಂದು, ಕೊಡುವ ಮುನ್ನ ಅಕ್ಕ ನಾಲ್ಕಕ್ಕೂ ಬೂಟ್ ಪಾಲಿಶ್ ಹಾಕಿ ಉಜ್ಜಿದರು. ಕಾರ್ಯಕ್ರಮದ ದಿನ, ಇಡೀ ಸಭೆ ಉಸಿರು ಬಿಗಿಹಿಡಿದು ಕೇಳುವ ಭಾಗದಲ್ಲಿ, ಉದ್ದಪ್ಪನ ಮ್ಯೂಟು ಪಾಲಿಶಿನ ಮೇಣಕ್ಕೆ ಜಾರಿ ಧೊಪ್ಪನೆ ಬಿತ್ತು. ಬಿದ್ದು ಸುಮ್ಮನಿರದೆ ಉರುಳಿಕೊಂಡು ಹೋಗಿ ನಿರ್ದೇಶಕರ ಕಾಲ ಬಳಿ ನಿಂತಿತು.

"ಅಷ್ಟು ವರ್ಷದ ಅಭ್ಯಾಸ, ಕೈ ತಾನಾಗೇ ಪಾಲಿಶ್ ಡಬ್ಬಿಗೆ ಹೋಯ್ತು. ಯಾರನ್ನ ಬೈಯಲಿ?" ಎನ್ನುವಾಗ ಅಕ್ಕನಿಗೆ ಈಗಲೂ ನಾಚಿಕೆ, ನಗು ಎರಡೂ ಬರುತ್ತವೆ.

ಕೈಯಲ್ಲಿ ಸಣ್ಣ ಕೋಲು ಹಿಡಿದು ವೃಂದವನ್ನು ನಡೆಸುವ ನಿರ್ದೇಶಕರನ್ನು ವಾದಕರೆಲ್ಲ ಕಡ್ಡಿ ಮೇಷ್ಟ್ರು ಎನ್ನುತ್ತಾರೆ. ಆ ದಿನದಿಂದ ಅವರು ಕಾರ್ಖಾನೆಯ ಲೋಹದ ಮ್ಯೂಟುಗಳನ್ನೇ ಕೊಡಿಸಿದ್ದಾರೆ. ಈಗ ಅದೇ ಸಂಗೀತ ಶನಿವಾರ ಮತ್ತೆ ವೇದಿಕೆಗೆ ಬರುತ್ತಿದೆ. ಲೋಹದಲ್ಲಿ ದನಿ ಒಣಗಿದಂತಿದೆ ಎಂದು ಬಾಸಿನವರು ಬೆನ್ನುಬಿದ್ದು ಕೇಳಿದ್ದಕ್ಕೆ ಮೇಷ್ಟ್ರು ಒಂದೇ ಒಂದು ಅವಕಾಶ ಕೊಟ್ಟಿದ್ದಾರೆ: ಇವತ್ತು ಹತ್ತು ಗಂಟೆಯ ತಾಲೀಮಿನಲ್ಲಿ ಲೋಹದ್ದು, ರಬ್ಬರಿನದು ಎರಡನ್ನೂ ಒಂದಾದ ಮೇಲೊಂದು ಹಾಕಿ ನುಡಿಸಬೇಕು. ಅಕ್ಕನದು ಸೋತರೆ ಆ ಸಭಾಂಗಣದೊಳಗೆ ಮತ್ತೆ ರಬ್ಬರಿನ ಮಾತೇ ಇಲ್ಲ. ಬೆಳಗ್ಗೆ ಉಗುರಿನಷ್ಟು ಕೊಯ್ಸಿಕೊಂಡದ್ದು ಇದಕ್ಕೆಂದೇ ಮಾಡಿದ ನಾಲ್ಕರಲ್ಲಿ ಕೊನೆಯ ಮ್ಯೂಟು.

ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಅಕ್ಕ ಏಪ್ರನ್ ಕೂಡ ಬಿಚ್ಚದೆ ಸಭಾಂಗಣದ ಹಿಂಬಾಗಿಲಲ್ಲಿ ನಿಂತಿದ್ದಾರೆ. ಮೊದಲು ಲೋಹದ ಸರದಿ. ಪರವಾಗಿಲ್ಲ, ಆದರೆ ಪ್ರತಿ ಸ್ವರದ ಹಿಂದೆಯೂ ನೊಣ ಹಾರಿದಂಥ ಝುಂಯ್ ಇದೆ. ಆಮೇಲೆ ಅಕ್ಕನವು. ಎರಡು ಉಸಿರಿನಷ್ಟು ಬಿಡುವಿನಲ್ಲಿ ನಾಲ್ವರೂ ಬಗ್ಗಿ, ಸದ್ದಿಲ್ಲದೆ ರಬ್ಬರನ್ನು ಕುದುರೆಗೆ ಕೂರಿಸುತ್ತಾರೆ. ದನಿ ನೆಲದಿಂದಲೇ ಎದ್ದಂತೆ ಮೆಲ್ಲಗೆ ಹರಡುತ್ತದೆ. ಪಿಟೀಲಿನವರೂ ತಿರುಗಿ ನೋಡುತ್ತಾರೆ.

ಆಗ, ಕಿರ್.

ಕಡ್ಡಿ ನಿಲ್ಲುತ್ತದೆ. "ಮತ್ತೊಮ್ಮೆ," ಎನ್ನುತ್ತಾರೆ ಮೇಷ್ಟ್ರು. ಮತ್ತೊಮ್ಮೆ ಅದೇ ಜಾಗದಲ್ಲಿ, ಕಿರ್.

"ನೋಡಿದಿರಾ? ಹೋದ ಸಲ ಬಿತ್ತು, ಈ ಸಲ ಕಿರುಚುತ್ತಿದೆ. ಸಾಕು, ತೆಗೀರಿ ಅವನ್ನ."

ಉದ್ದಪ್ಪನ ಮುಖ ಸಣ್ಣದಾಗುತ್ತದೆ. ಅಕ್ಕ ಮಾತ್ರ ಬಾಸುಗಳ ಕಡೆ ನೋಡುತ್ತಲೇ ಇಲ್ಲ. ಸರಸರನೆ ನಡುವಿನ ದಾರಿಯಲ್ಲಿ ಬಂದು ವೇದಿಕೆಯ ಮುಂದೆ ನಿಲ್ಲುತ್ತಾರೆ.

"ಸಾರ್, ಇನ್ನೊಂದೇ ಸಲ. ಆದ್ರೆ ನೀವು ಕೈ ಮಾತ್ರ ಆಡಿಸಿ. ಕಾಲು ಅಲ್ಲಾಡಿಸಬೇಡಿ."

ಮೇಷ್ಟ್ರು ಹುಬ್ಬೇರಿಸುತ್ತಾರೆ. ಆದರೂ ಕಂಬದಂತೆ ನಿಂತು ಕಡ್ಡಿ ಎತ್ತುತ್ತಾರೆ. ಸಂಗೀತ ಆ ಜಾಗವನ್ನು ದಾಟಿ ಮುಂದೆ ಹೋಗುತ್ತದೆ. ಕಿರ್ ಇಲ್ಲ.

"ಈಗ ಎಡಗಾಲಿನ ಮೇಲೆ ಭಾರ ಹಾಕಿ."

ಕಿರ್.

ಇಡೀ ವೃಂದ ಗೊಳ್ಳೆಂದು ನಗುತ್ತದೆ. "ನಿಮ್ಮ ಬೂಟಿನ ಅಟ್ಟೆಯೊಳಗಿನ ಪಟ್ಟಿ ಸಡಿಲ ಆಗಿದೆ ಸಾರ್," ಎನ್ನುತ್ತಾರೆ ಅಕ್ಕ, ವೈದ್ಯರ ಗಾಂಭೀರ್ಯದಲ್ಲಿ. "ಆರು ತಿಂಗಳಿಂದ ಕಿರುಗುಡ್ತಿರಬೇಕು. ಆ ಲೋಹದ್ದು ತಾನೇ ಝುಂಯ್ ಅಂತಿತ್ತಲ್ಲ, ಅದರಡಿ ಇದು ಅಡಗಿತ್ತು. ಬಿಚ್ಚಿ ಕೊಡಿ, ಕಾಲು ಗಂಟೆ ಸಾಕು."

ಮೇಷ್ಟ್ರು ಒಂದು ಗಳಿಗೆ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಾರೆ. ಆಮೇಲೆ ಅವರಿಗೂ ನಗು ತಡೆಯುವುದಿಲ್ಲ. ಬಗ್ಗಿ ಲೇಸು ಬಿಚ್ಚಿ ಎಡಗಾಲಿನ ಬೂಟನ್ನು ಅಕ್ಕನ ಕೈಗೆ ಕೊಟ್ಟು, ಲೋಹದ ಮ್ಯೂಟುಗಳ ಡಬ್ಬಿಯನ್ನು ಬೀರುವಿನಲ್ಲಿಡಲು ಹೇಳುತ್ತಾರೆ. ಉಳಿದ ತಾಲೀಮು ಒಂದು ಬೂಟು, ಒಂದು ಕಾಲುಚೀಲದಲ್ಲೇ ನಡೆಯುತ್ತದೆ.

ಹಿಂಬಾಗಿಲ ಮೆಟ್ಟಿಲ ಮೇಲೆ ಅಕ್ಕ ಬೂಟನ್ನು ಮಡಿಲಲ್ಲಿಟ್ಟುಕೊಂಡಿದ್ದಾರೆ. ಏಪ್ರನ್ನಿನ ಜೇಬಿನಿಂದ ಸುತ್ತಿಗೆ ಬರುತ್ತದೆ, ಅಂಟು ಬರುತ್ತದೆ, ಕೊನೆಗೆ ಪಾಲಿಶ್ ಡಬ್ಬಿಯೂ ಬರುತ್ತದೆ. "ಇದಕ್ಕೆ ಹಾಕಿದ್ರೆ ಯಾರೂ ಏನೂ ಅನ್ನಲ್ಲ," ಎಂದು ಕಣ್ಣು ಮಿಟುಕಿಸುತ್ತಾರೆ. ಒಳಗೆ ನಾಲ್ಕು ಪೋಸ್ಟ್‌ಮ್ಯಾನ್ ಹಿಮ್ಮಡಿಗಳ ಕೆಳಗೆ ನಾಲ್ಕು ಬಾಸುಗಳು ಪಿಸುಗುಡುತ್ತಿವೆ.

ಶನಿವಾರಕ್ಕೆ ಅವರು ಟಿಕೆಟ್ ತೆಗೆದಾಗಿದೆ. ಗಂಡನೂ ಪಾಳಿ ಬದಲಾಯಿಸಿಕೊಂಡಿದ್ದಾರೆ; ಇಬ್ಬರಿಗೂ ಕೊನೆಯ ಸಾಲು.

"ಹೋದ ಸಲ ಇಡೀ ಸಭೆಗೆ ನನ್ನ ನೆನಪಾಗಿತ್ತು," ಎನ್ನುತ್ತಾರೆ ಅಕ್ಕ, ಬೂಟನ್ನು ಬೆಳಕಿಗೆ ಹಿಡಿದು ನೋಡುತ್ತಾ. "ಈ ಸಲ ಒಬ್ಬರಿಗೂ ಆಗಬಾರದು. ಅಷ್ಟಾದ್ರೆ ಸಾಕು ನಂಗೆ."