ಹಿಟ್ಟಿನ ಉಂಡೆಯ ಪುಣ್ಯ

ಹೋದ ತಿಂಗಳು ಗೆಳತಿಯೊಬ್ಬಳ ಜೊತೆ ಒಂದು ಕ್ಷೇತ್ರಕ್ಕೆ ಹೋಗಿದ್ದೆ. ಹೊಂಡದ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯ ತುಂಬ ಗೋಧಿಹಿಟ್ಟಿಗೆ ಬೆಲ್ಲ ಕಲಸಿ ಕಟ್ಟಿದ ಸಣ್ಣ ಉಂಡೆಗಳು. "ಮೀನಿಗಿ ಹಾಕ್ರಿ ಅಕ್ಕಾರ, ಪುಣ್ಯಾ ಬರ್ತೈತಿ" ಎಂದು ಒಂದನ್ನು ನನ್ನ ಅಂಗೈಯಲ್ಲಿ ಇಟ್ಟೇಬಿಟ್ಟಳು. ಹಸಿ ಹಿಟ್ಟಿನ ವಾಸನೆ, ಅದರೊಳಗೆ ಬೆಲ್ಲದ್ದು... ಮೈಯೆಲ್ಲ ಉರಿದುಹೋಯಿತು.

ಉಂಡೆಯನ್ನು ಬುಟ್ಟಿಗೇ ಹಾಕಿ ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಗೆಳತಿ ಹಿಂದಿನಿಂದ ಬಂದು, "ಒಂದು ಉಂಡೆ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಎಂದಳು. ನನ್ನ ಗಂಟು ಹೋಗುತ್ತಿರಲಿಲ್ಲ, ನಿಜ. ಹೋದದ್ದು ನಮ್ಮ ಪಕ್ಕದ ಮನೆಯ ಕಾಕುವಿನದು. ಅದನ್ನು ಗೆಳತಿಗೆ ಅಲ್ಲಿ ನಿಂತು ಹೇಳುವ ಹಾಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ರಾಯಬಾಗ ತಾಲೂಕಿನ ನಮ್ಮೂರಲ್ಲಿ ಕಾಕುವಿನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ ಇತ್ತು. ಅವರು ಮರಾಠರು, ಕಾಕು ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ; ನಾವು ಜೈನರು. ಕೃಷ್ಣೆಯ ದಂಡೆಯ ಊರಲ್ಲಿ ಹುಟ್ಟಿದವಳಾದ್ದರಿಂದ ಕಾಕುವಿಗೆ ಮೀನೆಂದರೆ ಪ್ರಾಣ. ಆದರೆ ಗಾಳಿ ನಮ್ಮ ಮನೆಯ ಕಡೆ ಬೀಸುವ ದಿನ ಅವಳು ಮೀನು ಬೇಯಿಸುತ್ತಿರಲಿಲ್ಲ. ಹಿತ್ತಲಿಗೆ ಬಂದು, ಸೆರಗನ್ನು ಗಾಳಿಗೆ ಹಿಡಿದು ನೋಡಿ, ಆಮೇಲೆ ಒಲೆ ಹೊತ್ತಿಸುತ್ತಿದ್ದಳು. ಹಾಗೆ ಮಾಡೆಂದು ನಮ್ಮ ಮನೆಯವರು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ಮರ್ಯಾದೆ ಅಂಥದು. ನಮ್ಮವರ ಮರ್ಯಾದೆ ಎಂಥದೆಂದು ಮುಂದೆ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ದಿನಾ ಬಸ್ಸು ಹತ್ತಿ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದೆ. ಕಾಕುವಿನ ಗಂಡ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಅವಳ ಪಾಲಿಗೆ ಬಂದದ್ದು ಊರ ತಗ್ಗಿನಲ್ಲಿದ್ದ ಒಂದು ಹೊಲ, ಅದೂ ಸವಳು ಹಿಡಿದದ್ದು. ನೀರಾವರಿ ಬಂದ ಮೇಲೆ ನಮ್ಮ ಕಡೆಯವರಿಗೆ ಕಬ್ಬಿನ ಹೊರತು ಬೇರೆ ಬೆಳೆಯೇ ಕಾಣದಂತಾಗಿತ್ತು. ಕಬ್ಬಿಗೆ ನೀರು ಬಿಟ್ಟು, ಅದು ತುಂಬಿ ಹರಿದರೂ ಹಾಗೇ ಬಿಟ್ಟು, ಉಗಾರ ಖುರ್ದದ ಕಾರ್ಖಾನೆಗೆ ಗಾಡಿ ಹೊಡೆದದ್ದೇ ಹೊಡೆದದ್ದು. ಆ ನೀರೆಲ್ಲ ಇಳಿದು ಹೋಗಿ ನಿಲ್ಲುತ್ತಿದ್ದುದು ತಗ್ಗಿನ ಹೊಲಗಳಲ್ಲಿ. ಮಣ್ಣಿನ ಮೇಲೆ ಬಿಳಿ ಉಪ್ಪು ಮೂಡಿತು, ಕೆಳಗೆ ಬರೀ ಕೆಸರು. ಕಾಕುವಿನ ಹೊಲದ ಮೇಲಿನ ಮಗ್ಗುಲಿಗೆ ಇದ್ದದ್ದು ನಮ್ಮದೇ ಹೊಲ. ಅವಳ ಭೂಮಿಯನ್ನು ಕೆಡಿಸಿದ್ದು ನಮ್ಮ ಕಬ್ಬು. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ.

ಅವಳ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ಆ ಹೊಲ ತನಗೆ ಸೇರಲಿ ಎಂದು ಆಸೆ. ಸವಳಾದರೇನು, ಭೂಮಿ ಭೂಮಿಯೇ. ಹಿರಿಯರನ್ನು ಕೂಡಿಸಿ ಒಂದು ಮಾತು ಮಾಡಿಸಿದ. ಬರುವ ವರ್ಷದ ದಸರೆಯೊಳಗೆ ಆ ಹೊಲದಿಂದ ಒಂದು ಬೆಳೆ ತೆಗೆದು ತೋರಿಸಿದರೆ ಹೊಲವೂ ಮನೆಯೂ ಅವಳಿಗೆ. ಇಲ್ಲದಿದ್ದರೆ ಎರಡನ್ನೂ ಬಿಟ್ಟು ನಿಪ್ಪಾಣಿಯಲ್ಲಿದ್ದ ತಮ್ಮನ ಮನೆಗೆ ಹೋಗಬೇಕು. ಸವಳಿನಲ್ಲಿ ಹುಲ್ಲೂ ಹುಟ್ಟುವುದಿಲ್ಲವೆಂದು ಹಿರಿಯರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ತಲೆ ಆಡಿಸಿದರು. ಅವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು.

ಬೆಳೆ ಎಂದರೆ ಕಬ್ಬೇ ಆಗಬೇಕು, ಜೋಳವೇ ಆಗಬೇಕು ಎಂದು ಅವರು ಹೇಳಿರಲಿಲ್ಲ. ಕಾಕು ಮೀನು ಬೆಳೆಯಲು ಹೊರಟಳು. ರಾಯಬಾಗಕ್ಕೆ ಹೋಗಿ ಮೀನುಗಾರಿಕೆ ಇಲಾಖೆಯ ಸಾಹೇಬರನ್ನು ಹುಡುಕಿ ಕೇಳಿಕೊಂಡು ಬಂದಳು. ಅವಳ ತಮ್ಮ ನಿಪ್ಪಾಣಿಯಿಂದ ಆಳುಗಳನ್ನು ಕರೆತಂದ. ಬೇಸಿಗೆಯಲ್ಲಿ ಹೊಂಡ ತೋಡಿ, ಸುತ್ತ ಒಡ್ಡು ಹಾಕಿ, ತಳಕ್ಕೆ ಸುಣ್ಣ ಎರಚಿದರು. ನೀರು ತುಂಬಿದ ಮೇಲೆ ಸೆಗಣಿ ಕಲಸಿ ಹಾಕಿದರು. ಊರಿಗೆ ಊರೇ ನಕ್ಕಿತು. ಕುಡಿಯುವ ನೀರಿಗೆ ಯಾರಾದರೂ ಸೆಗಣಿ ಹಾಕಿದರೆ ಬಡಿಯುತ್ತಾರೆ, ಇವಳು ತಾನೇ ಹೊತ್ತು ಹಾಕುತ್ತಾಳೆ ಎಂದು ಚೇಷ್ಟೆ. ಕಾಕು ಮಾತ್ರ ದಿನಾ ಹೊಂಡಕ್ಕಿಳಿದು ಮೊಣಕೈವರೆಗೆ ಕೈ ಮುಳುಗಿಸಿ ನೋಡುತ್ತಿದ್ದಳು. ಅಂಗೈ ಕಾಣದಷ್ಟು ನೀರು ಹಸಿರಾಗಬೇಕು, ಆ ಹಸಿರೇ ಮರಿಗಳಿಗೆ ಊಟ ಎಂದು ಸಾಹೇಬರು ಹೇಳಿದ್ದರಂತೆ. ಒಂದು ಸಂಜೆ ನನ್ನನ್ನೂ ಕರೆದಳು. ಮಗುವನ್ನು ಕರೆಯುವ ಹಾಗೆ ನನ್ನನ್ನು ಬಾಳಾ ಎನ್ನುತ್ತಿದ್ದಳು.

"ಬಾಳಾ, ಬಾ ಇಲ್ಲಿ. ಕೈ ಇಳಿಸಿ ನೋಡ. ಬಳ್ಳ ಕಾಣ್ತಾವೇನ?"

ಬೆರಳು ಕಾಣಲಿಲ್ಲ. ಅವಳ ಮುಖದಲ್ಲಿ ಮೂಡಿದ ನಗು ಈಗಲೂ...

ಮೊದಲು ತಂದ ಮರಿಗಳು ಸತ್ತವು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ದ ಅವನ್ನು ಆತುರಕ್ಕೆ ಹಾಗೇ ಹೊಂಡಕ್ಕೆ ಸುರಿದುಬಿಟ್ಟಿದ್ದಳು. ಚೀಲದ ನೀರಿಗೂ ಹೊಂಡದ ನೀರಿಗೂ ಬಿಸಿಯಲ್ಲಿ ವ್ಯತ್ಯಾಸ, ಮರಿಗಳು ತಡೆಯಲಿಲ್ಲ. ಕಾಕು ಒಂದು ದಿನ ಅತ್ತಳು, ಮರುದಿನ ಬಸ್ಸು ಹತ್ತಿದಳು. ಎರಡನೆಯ ಸಲ ಚೀಲಗಳನ್ನು ಕಟ್ಟಿದ ಹಾಗೇ ಹೊಂಡದಲ್ಲಿ ತೇಲಿಬಿಟ್ಟು, ಒಡ್ಡಿನ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಒಂದೊಂದಾಗಿ ಬಾಯಿ ಬಿಚ್ಚಿದಳು. ಗೆಂಡೆ, ರೋಹು, ಕಾಟ್ಲಾ ಮರಿಗಳು ತಾವಾಗಿಯೇ ಹೊರಗೆ ಈಜಿದವು. ಮುಂಜಾನೆ ತೌಡು, ಶೇಂಗಾ ಹಿಂಡಿ ಕಲಸಿ ಒಂದೇ ಮೂಲೆಯಲ್ಲಿ ಇಷ್ಟಿಷ್ಟೇ ಹಾಕುವಳು. ಮೋಡ ಕವಿದ ದಿನ ನೀರಿನಲ್ಲಿ ಗಾಳಿ ಕಡಿಮೆ ಎಂದು ಹಾಕುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊಣಕೈ ಉದ್ದದ ಮೀನುಗಳು ನೀರು ಸೀಳಿಕೊಂಡು ತಿರುಗಾಡಿದವು. ಭಾವನ ಮುಖ ಹುಳ್ಳಗಾಯಿತು.

ಈಗ ನಮ್ಮ ದೊಡ್ಡಪ್ಪನ ವಿಷಯ. ಅವರು ಕೆಟ್ಟವರೆಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತಿದವರಲ್ಲ. ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗುವರು. ಬಸದಿಯಲ್ಲಿ ಅವರ ಮಾತಿಗೆ ಎದುರಿಲ್ಲ. ಶ್ರಾವಣ ಶುರುವಾಗುವಾಗ ಅವರು ಕಾಕುವಿನ ಅಂಗಳಕ್ಕೆ ಬಂದರು.

"ಭಾದ್ರಪದದಾಗ ನಮ್ಮ ಪರ್ವ ಐತಿ. ಅದು ಮುಗಿಯೂತನಕ ಹೊಂಡಕ್ಕ ಬಲಿ ಬೀಸಬ್ಯಾಡವಾ. ನಮ್ಮ ಹೊಲದ ಬಾಜೂಕ ಅಷ್ಟು ಜೀವ ಹೋಗೂದು ನೋಡಾಕ ಆಗೂದಿಲ್ಲ."

"ಆತ್ರಿ ಅಣ್ಣಾರ್" ಎಂದಳು ಕಾಕು. "ಪರ್ವ ಮುಗೀಲಿ. ದಸರಾಕಿನ್ನೂ ಟೈಮ್ ಐತಿ."

ಮೀನು ಆಗಲೇ ಹಿಡಿಯಬೇಕಾದಷ್ಟು ಬೆಳೆದಿದ್ದವು. ಅಷ್ಟು ದೊಡ್ಡ ಮೀನುಗಳಿಗೆ ಆ ಹೊಂಡ ಇಕ್ಕಟ್ಟು. ಆದರೂ ಅವಳು ನಮಗಾಗಿ ಕಾದಳು. ಗಾಳಿ ನೋಡಿ ಒಲೆ ಹೊತ್ತಿಸಿದವಳು ಕಾಯದೆ ಇರುತ್ತಾಳೆಯೇ?

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾದ್ರಪದದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಶುರುವಾದ ದಿನ ದೊಡ್ಡಪ್ಪ ಬುಟ್ಟಿಯ ತುಂಬ ಹಿಟ್ಟಿನ ಉಂಡೆ ಹೊತ್ತುಕೊಂಡು ಹೊಂಡಕ್ಕೆ ಹೋದರು. ಸಾಯುವ ಮುಂಚೆ ಆ ಜೀವಗಳು ಹೊಟ್ಟೆ ತುಂಬ ಉಣ್ಣಲಿ ಎಂದು ಅವರ ಮನಸ್ಸು. ಅವರನ್ನು ನೋಡಿ ಬಸದಿಯ ಉಳಿದವರು ಬಂದರು. ಅವರನ್ನು ನೋಡಿ ಬೇರೆ ಓಣಿಯವರೂ ಬಂದರು, ಗಣಪತಿಯ ಮುಂದಿನ ಚುರುಮುರಿ, ಹಳಸಿದ ಅನ್ನ, ಬೆಲ್ಲದ ಹೆಂಟೆ ತಂದು ಸುರಿದರು. ಮೊದಲು ಸೆಗಣಿ ಕಂಡು ನಕ್ಕವರೇ ಇವರೆಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹೊಂಡ ಅವಳದು, ಬೆವರು ಅವಳದು, ಪುಣ್ಯ ಮಾತ್ರ ಇವರಿಗೆ.

ಕಾಕು ಒಡ್ಡಿನ ಮೇಲೆ ನಿಂತು ಕೈಮುಗಿದದ್ದನ್ನು ನಾನೇ ಕಂಡೆ.

"ಅಣ್ಣಾರ್, ಹಾಕಬ್ಯಾಡ್ರಿ. ತಿಂದು ಉಳದಿದ್ದು ತಳಕ್ಕ ಕೊಳೀತೈತ್ರಿ. ನೀರ ಕೆಡ್ತೈತಿ."

"ಹಿಟ್ಟ ಐತಿ, ಬೆಲ್ಲ ಐತಿ. ವಿಷಾ ಹಾಕಾಕತ್ತಿಲ್ಲ ನಾವು" ಎಂದರು ದೊಡ್ಡಪ್ಪ. "ಕೊಯ್ಯಾಕ ಸಾಕಾಕತ್ತಿ, ಹೊಟ್ಟಿಗಿ ಹಾಕಿದ್ರ ಬ್ಯಾಡ ಅಂತಿ. ಇದೆಂಥಾ ನ್ಯಾಯ?"

ನಿಂತವರೆಲ್ಲ ಹೌದೆಂದು ಗೋಣು ಹಾಕಿದರು. ಕಾಕು ಜಾಲಿಮುಳ್ಳು ಕಡಿದು ತಂದು ಸುತ್ತ ಬೇಲಿ ಹಾಕಿದಳು. ಬೇಲಿಯ ಮೇಲಿನಿಂದ ಎಸೆದರು. ಮನೆಯಲ್ಲಿ ನಾನು ದೊಡ್ಡಪ್ಪನ ಎದುರು ನಿಂತು, ಅವಳು ಹೇಳಿದ್ದು ಖರೆ ಐತಿ ಎಂದೆ. ಕಾಲೇಜು ಕಲಿತದ್ದು ಧರ್ಮ ಮರೆಯಲಿಕ್ಕೇನು ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು.

ಪರ್ವದ ಕೊನೆಯ ದಿನಗಳಲ್ಲಿ ಮೋಡ ಮುಸುಕಿತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ಅನಂತ ಚತುರ್ದಶಿಯ ಹಿಂದಿನ ದಿನ ನಸುಕಿಗೆ ಕಾಕು ಕೂಗಿದ್ದು ಕೇಳಿ ಓಡಿದೆ. ಹೊಂಡದ ತುಂಬ ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. ನೀರಿನೊಳಗೆ ಉಸಿರಿಗೆ ಬೇಕಾದ ಗಾಳಿ ಉಳಿದಿರಲಿಲ್ಲ. ಹಸಿರು ಹೋಗಿ ನೀರು ಕಂದಾಗಿತ್ತು, ಗಾಣದ ಮನೆಯ ಹಿಂದಿನ ಕೊಳಚೆಯ ಹಾಗೆ ನಾರುತ್ತಿತ್ತು. ಕಾಕು ಎದೆಯವರೆಗೆ ನೀರಿಗಿಳಿದು ಗಳದಿಂದ ನೀರು ಬಡಿಯುತ್ತಿದ್ದಳು. ನಾನೂ ಇಳಿದೆ. ಕೊಡದಲ್ಲಿ ನೀರು ತುಂಬಿ ಎತ್ತರದಿಂದ ಸುರಿಯೆಂದಳು, ಹಾಗೆ ಗಾಳಿ ಬೆರೆಯುತ್ತದಂತೆ. ಪಕ್ಕದ ಬಾವಿಯ ಮೋಟಾರು ಹಚ್ಚಿ ಹೊಸ ನೀರು ಬಿಟ್ಟಿದ್ದರೆ ಉಳಿಯುತ್ತಿದ್ದವೇನೋ. ಬಾವಿ ಭಾವನದು. ಕೀಲಿ ಕೇಳಲು ಹೋದವರಿಗೆ ಅವನು ಮನೆಯಲ್ಲಿಲ್ಲ ಎಂದು ಒಳಗಿನಿಂದಲೇ ಉತ್ತರ ಬಂತು. ಆ ದನಿ ಅವನದೇ.

ಆಗ ದೊಡ್ಡಪ್ಪ ಬಂದರು. ಕೈಯಲ್ಲಿ ಬುಟ್ಟಿ.

ಬಾಯಿ ತೆರೆದು ನಿಂತ ಮೀನುಗಳನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು. "ಎಷ್ಟ್ ಹಸದಾವ ನೋಡ್ರಿ ಪಾಪ, ಹೆಂಗ ಬಾಯಿ ಬಿಟ್ಟು ಬೇಡಾಕತ್ತಾವ" ಎಂದು ಹಿಡಿ ಹಿಡಿಯಾಗಿ ಎಸೆಯತೊಡಗಿದರು. ಒಂದು ಉಂಡೆ ಕಾಕುವಿನ ಹಣೆಗೆ ಬಡಿದು ನೀರಿಗೆ ಬಿತ್ತು. ಅವಳು ಬಡಿಯುವುದನ್ನು ನಿಲ್ಲಿಸಿದಳು. ದಂಡೆಗೆ ಬಂದು, ಅವರ ಕೈಯಿಂದ ಬುಟ್ಟಿ ಕಸಿದುಕೊಂಡು, ಒಡ್ಡಿನ ಆಚೆ ನಮ್ಮ ಕಬ್ಬಿನೊಳಗೆ ಬೀಸಿ ಒಗೆದಳು. ತಿರುಗಿ ನೀರಿಗಿಳಿದಳು.

ಹೊತ್ತು ಏರುವುದರೊಳಗೆ ಹೊಂಡ ಬೆಳ್ಳಗಾಯಿತು. ಎಲ್ಲ ಹೊಟ್ಟೆ ಮೇಲಾಗಿ... ಆಗ ತಾನೇ ಸತ್ತ ಮೀನನ್ನು ಮಾರಬಹುದಿತ್ತು ಎಂದು ಈಗ ಹೇಳುವವರಿದ್ದಾರೆ. ಗಣಪತಿ ಇನ್ನೂ ಕೂತಿದ್ದ, ಸುತ್ತಲಿನ ಯಾವ ಊರಲ್ಲೂ ಮೀನು ಬೇಯುವ ದಿನವಲ್ಲ ಅದು. ಬಲೆಯವರು ಬರುವುದಿದ್ದದ್ದೂ ಪರ್ವ ಮುಗಿದ ಮೇಲೆಯೇ. ಕಾಕು ಮತ್ತು ಅವಳ ತಮ್ಮ ಗುಂಡಿ ತೋಡಿ ಎಲ್ಲವನ್ನೂ ಹೂಳಿದರು. ಕೆಸರಾಗಿ ಮನೆಗೆ ಬಂದ ನನ್ನನ್ನು ಸ್ನಾನ ಮಾಡದೆ ಹೊಸ್ತಿಲು ದಾಟಬೇಡ ಎಂದರು. ಊರಲ್ಲಿ ಅವತ್ತೇ ಮಾತು ಹುಟ್ಟಿತು. ಜೀವಹಿಂಸೆಯ ದುಡಿಮೆ ಹತ್ತುವುದಿಲ್ಲ, ಅವಳ ಪಾಪ ಅವಳಿಗೇ ಮುಟ್ಟಿತು ಎಂದು.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮನೆ ಮನೆಗೆ ಹೋಗಿ ಕ್ಷಮೆ ಕೇಳುವ ದಿನ. ಇಂಥ ದಿನ ಇಟ್ಟ ಧರ್ಮದ ಮೇಲೆ ನನಗೆ ಇಂದಿಗೂ ಹೆಮ್ಮೆ ಇದೆ. ಆದ್ದರಿಂದಲೇ ಆ ದಿನದ ಸಿಟ್ಟು ಆರುವುದಿಲ್ಲ. ದೊಡ್ಡಪ್ಪ ಬಿಳಿ ಪಂಚೆ ಉಟ್ಟು, ನಾಲ್ಕು ಮಂದಿಯನ್ನು ಕರೆದುಕೊಂಡು ಹೊಂಡದ ದಂಡೆಗೆ ಹೋದರು. ಮೀನು ಹೂಳಿದ ಗುಂಡಿಯ ಮುಂದೆ ಕಣ್ಣು ಮುಚ್ಚಿ ಕೈಮುಗಿದು, ನಿಮ್ಮನ್ನು ಉಳಿಸಿಕೊಳ್ಳಲಿಲ್ಲ, ಕ್ಷಮಿಸಿರಿ ಎಂದು ಆ ಜೀವಗಳ ಕ್ಷಮೆ ಕೇಳಿದರು. ಕಾಕು ಅಲ್ಲೇ ಒಡ್ಡಿನ ಮೇಲೆ ಕೂತಿದ್ದಳು. ಅವರು ಕಣ್ಣು ತೆರೆದರು, ಅವಳ ಮಗ್ಗುಲಿನಿಂದಲೇ ದಾಟಿ ಹೋದರು. ಸತ್ತ ಮೀನಿಗೆ ಮುಗಿದ ಕೈ ಬದುಕಿದ್ದ ಹೆಂಗಸಿಗೆ ಏಳಲಿಲ್ಲ.

ದಸರೆ ಬಂತು. ಕಾಕು ಮನೆ ಬಿಟ್ಟು ಹೋದಳು. ಭಾವ ಹೊಂಡ ಮುಚ್ಚಿಸಿದ.

ಕೆಲವು ವರ್ಷಗಳ ಮೇಲೆ ನಿಪ್ಪಾಣಿಗೆ ಹೋದಾಗ ಅವಳನ್ನು ಹುಡುಕಿಕೊಂಡು ಹೋದೆ. ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮನ ಹೆಂಡತಿಯ ಮುಖ ನೋಡಿಕೊಂಡು ನನಗೆ ಚಹಾ ಕೊಟ್ಟಳು, ಸಕ್ಕರೆ ಹಾಕುವಾಗ ಒಮ್ಮೆ ಹಿಂದೆ ತಿರುಗಿ ನೋಡಿದಳು. ಊರಿನ ಯಾರ ಸುದ್ದಿಯನ್ನೂ ಕೇಳಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ಬಾಳಾ, ಬಳ್ಳ ಕಾಣತಿದ್ದಿಲ್ಲಲ್ಲ ಆ ನೀರಾಗ. ಎಷ್ಟ್ ಚಲೋ ಹಸರ ಆಗಿತ್ತ" ಎಂದಳು. ಆಮೇಲೆ ಮತ್ತೊಮ್ಮೆ ಹೋಗುವಷ್ಟರಲ್ಲಿ ಅವಳು ಇರಲಿಲ್ಲ.

ದೊಡ್ಡಪ್ಪ ಹಾಸಿಗೆ ಹಿಡಿದ ವರ್ಷ ಕ್ಷಮಾವಣಿಗೆ ಊರಿಗೆ ಹೋಗಿದ್ದೆ. ಮಲಗಿದಲ್ಲೇ ಕೈ ಮುಗಿದು ನನಗೂ ಕ್ಷಮೆ ಕೇಳಿದರು. ಎಲ್ಲರಿಗೂ ಕೇಳಿದಿರಾ ಎಂದೆ.

"ಎಲ್ಲಾರಿಗೂ ಕೇಳೇನವಾ. ಒಬ್ಬರನ್ನೂ ಬಿಟ್ಟಿಲ್ಲ."

"ಬಾಜೂ ಮನಿ ಕಾಕುಗ?"

ಯಾವ ಕಾಕು ಎಂದು ಅವರಿಗೆ ನೆನಪಾದಂತೆ ಕಾಣಿಸಿತು.

"ಅಕಿಗ್ಯಾಕ?" ಎಂದರು. "ನಾ ಅಕಿಗೆ ಏನ ಮಾಡೇನಿ? ಉಣ್ಣಾಕ ಹಾಕೇನಿ, ಅಷ್ಟ."

ಎದ್ದು ಹೊರಗೆ ಬಂದೆ. ಕ್ಷಮಿಸಿದೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಮಳೆಗಾಲ ಮುಗಿಯುವ ಮುಂಚೆಯೇ ಅವರು ಹೋದರು.

ಆ ದಿನ ಕ್ಷೇತ್ರದಿಂದ ಬಂದು ಮೂರು ಸಲ ಕೈ ತೊಳೆದೆ. ಹಿಟ್ಟು ಬೆಲ್ಲದ ವಾಸನೆ ಹೋದಂತೆ ಅನಿಸಲಿಲ್ಲ. ಈ ವರ್ಷವೂ ಪರ್ವ ಮುಗಿದ ಮರುದಿನ ಫೋನಿನ ತುಂಬ ಕೈಮುಗಿದ ಚಿತ್ರಗಳು ಬಂದವು, ಕ್ಷಮೆ ಕೇಳುವವರಿಗೇನೂ ಕೊರತೆಯಿಲ್ಲ. ದೊಡ್ಡಪ್ಪಾ, ನಿಮ್ಮನ್ನು ನಾನು ಕ್ಷಮಿಸಿದರೂ ಅದು ನಡೆಯುವುದಿಲ್ಲ. ಕ್ಷಮಿಸುವ ಹಕ್ಕಿದ್ದವಳು ಒಬ್ಬಳೇ. ಅವಳು ನಮ್ಮ ಮನೆಯ ಕಡೆಯ ಗಾಳಿ ನೋಡುತ್ತ ನೋಡುತ್ತಲೇ ಹೋಗಿಬಿಟ್ಟಳು.