ಗೋಡೆಯ ಮುಂದೆ ಮುಗಿದ ಕೈ

ತೊಂಬತ್ತರ ದಶಕದ ಕೊನೆಗೆ ನಾನೂ ನನ್ನ ಗಂಡನೂ ಪರದೇಶದಲ್ಲಿ, ಬೋಲ್ಟನ್ ಎಂಬ ಊರಿನಲ್ಲಿ, ಒಬ್ಬ ಅಜ್ಜಿಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಅಜ್ಜಿ ಸಿಸಿಲಿ ದ್ವೀಪದವಳು. ಆಕೆಯ ಬಾಯಲ್ಲಿ ಅಲ್ಲಿನ ವರ್ಣನೆ ಕೇಳಿ ಕೇಳಿ, ಒಂದು ಬೇಸಿಗೆ ನಮ್ಮೂರು ಹುಬ್ಬಳ್ಳಿಗೆ ಹೋಗುವುದು ಬಿಟ್ಟು ಸಿಸಿಲಿಗೇ ಹೊರಟೆವು, ಒಂದು ವಾರಕ್ಕೆ.

ಹೊರಡುವಾಗ ಅಜ್ಜಿ ತಾನೇ ಹೆಣೆದ ಶಾಲು ಕೊಟ್ಟಳು, ಸಿಸಿಲಿಯ ತನ್ನ ಊರಲ್ಲಿದ್ದ ತಂಗಿಗೆ. ತಾಯಿಯ ಮಣ್ಣಿಗೆ ಅಕ್ಕ ಬರಲಿಲ್ಲವೆಂದು ತಂಗಿ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತಂತೆ. ಫೋನ್ ಮಾಡಿದರೆ ಇಟ್ಟುಬಿಡುತ್ತಾಳೆ, ಶಾಲು ಇಸಿದುಕೊಂಡರೆ ಕ್ಷಮಿಸಿದಳೆಂದೇ ಅರ್ಥ ಎಂದಳು. ಮೊದಲು ಅಲ್ಲಿಗೇ ಹೋಗಿ ಎಂದು ಎರಡು ಸಲ ಹೇಳಿದಳು.

ನಾನು ಕೇಳಲಿಲ್ಲ. "ಕಡೀಕ ಹೋಗೋಣ ತಗೋರಿ. ಮೊದಲ ಹೋದ್ರ ಕೂಡಿಸಿ ಉಣಿಸಿ ಎರಡು ದಿನ ಬಿಡಂಗಿಲ್ಲ," ಎಂದು ಗಂಡನ ಬಾಯಿ ಮುಚ್ಚಿಸಿದೆ. ಪಲೆರ್ಮೊ ಸಂತೆಯಲ್ಲಿ ಬದನೆಕಾಯಿ ಮುಟ್ಟಿ ನೋಡಿದೆವು, ಚೆಫಲೂವಿನ ಕಡಲ ದಂಡೆಯ ಮರಳಲ್ಲಿ ಕಾಲು ಚಾಚಿದೆವು, ಗುಡ್ಡದ ಹಳ್ಳಿಗಳಲ್ಲಿ ಮೆಟ್ಟಿಲು ಹತ್ತಿ ಇಳಿದೆವು. ಮಧ್ಯಾಹ್ನ ಆ ಹಳ್ಳಿಗಳಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ಆದರೂ ಯಾರೋ ನೋಡುತ್ತಿದ್ದಾರೆ ಎನಿಸಿ ನಾನು ಹಿಂತಿರುಗಿ ನೋಡುತ್ತಿದ್ದೆ.

ಕೊನೆಯ ದಿನ ತಂಗಿಯ ಊರು ಸೇರಿದಾಗ ಮನೆಗೆ ಬೀಗ. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಸ್ ನಿಲ್ಲುವಲ್ಲಿ ಗೋಡೆಗೆ ಕಪ್ಪಂಚಿನ ಪೋಸ್ಟರು ಅಂಟಿಸಿದ್ದರು. ಒಂದರಲ್ಲಿ ಮುದುಕಿಯೊಬ್ಬಳ ಫೋಟೊ. "ಅಜ್ಜಿ ಇಲೆಕ್ಷನ್‌ಗೆ ನಿಂತಾಳ ನೋಡ್ರಿ," ಎಂದು, ಓಟು ಕೇಳುವವರ ಹಾಗೆ ನಾನೂ ಪಕ್ಕದಲ್ಲಿ ಕೈ ಮುಗಿದು, ನಗು ತಡೆದು ನಿಂತೆ. ಗಂಡ ಫೋಟೊ ಹೊಡೆದ.

ವಾಪಸು ಬಂದ ದಿನವೇ ಅಜ್ಜಿಗೆ ಶಾಲು ಹಿಂದಕ್ಕೆ ಕೊಟ್ಟು, ಬೀಗ ಹಾಕಿತ್ತು ಎಂದೆ. ಮಗನ ಮನೆಗೆ ಹೋಗಿರಬೇಕು ಎಂದು ಅಜ್ಜಿ ಸಮಾಧಾನ ಮಾಡಿಕೊಂಡಳು. ಫೋಟೊ ತೊಳೆಸಿ ತಂದ ದಿನ ಆಕೆಯ ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತ ಒಂದೊಂದೇ ತೋರಿಸಿದೆವು. ಆ ಒಂದು ಫೋಟೊ ಬಂದಾಗ ಅಜ್ಜಿ ಕನ್ನಡಕ ಹಾಕಿಕೊಂಡಳು.

"ಇವಳು ನನ್ನ ತಂಗಿ," ಎಂದಳು.

ಆ ಕಡೆ ಸತ್ತವರ ಸುದ್ದಿಯನ್ನು ಹಾಗೆ ಗೋಡೆಗೆ ಅಂಟಿಸುತ್ತಾರಂತೆ. ಪೋಸ್ಟರಿನಲ್ಲಿದ್ದ ತಾರೀಕನ್ನು ಬೆರಳಿಟ್ಟು ಓದಿದಳು. ನಾವು ಸಿಸಿಲಿಯಲ್ಲಿ ಇಳಿದು ನಾಲ್ಕನೆಯ ದಿನ. ಅಂದು ನಾವು ಸಮುದ್ರದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು.

ಮೊದಲೇ ಯಾಕೆ ಹೋಗಲಿಲ್ಲ ಎಂದು ಅಜ್ಜಿ ಕೇಳಿದಳು. ಗಂಡ ಬಾಯಿ ತೆರೆಯುವಷ್ಟರಲ್ಲಿ, ಬಸ್ ಸ್ಟ್ರೈಕಿತ್ತು ಎಂದುಬಿಟ್ಟೆ. ನನ್ನ ನಾಲಿಗೆಗೆ ಏನಾಗಿತ್ತೋ! ಅಜ್ಜಿ ನಂಬಿದಳು. ಆ ಊರಿನ ಬಸ್ಸುಗಳಿಗೆ ಮನಸಾರೆ ಶಾಪ ಹಾಕಿದಳು. ಆಮೇಲೆ ಫೋಟೊದಲ್ಲಿದ್ದ ನನ್ನ ಕೈಗಳನ್ನು ಸವರಿದಳು.

"ನನ್ನ ಪರವಾಗಿ ಕೈ ಮುಗಿದೆಯಲ್ಲ ಮಗಳೇ, ಅಷ್ಟು ಸಾಕು."

ಆ ಫೋಟೊಗೆ ಕಟ್ಟು ಹಾಕಿಸಿ, ಅಡಿಗೆಮನೆಯಲ್ಲಿ ಮೇರಿ ಮಾತೆಯ ಪಕ್ಕ ತೂಗುಹಾಕಿದಳು. ನಾವು ಮಾರ್ಕಮ್ ಎಂಬ ಊರಲ್ಲಿ ಮನೆ ಮಾಡಿ ಹೋದ ಮೇಲೂ ಅದು ಅಲ್ಲೇ ಇತ್ತು. ಅಜ್ಜಿಯನ್ನು ನೋಡಲು ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಬಂದವರಿಗೆಲ್ಲ ಅಜ್ಜಿ ತೋರಿಸುತ್ತಿದ್ದಳು, ನನ್ನ ತಂಗಿಗೆ ಕೊನೆಯ ಪ್ರಾರ್ಥನೆ ಹೇಳಿದವಳು ಇವಳೇ ಎಂದು.